'ಥ್ರೋ' ಕ್ರಿಯಾಪದದ ಅರ್ಥವ್ಯಾಪ್ತಿ ಮತ್ತು ಅದರ ರಷ್ಯನ್ ಅನುವಾದಗಳು: ನಿಘಂಟು ರಚನೆಯ ದೃಷ್ಟಿಯಿಂದ ಒಂದು ಪರಿಶೀಲನೆ

ದ್ವಿಭಾಷಾ ನಿಘಂಟಿನಲ್ಲಿ ಅಪರೂಪದ ಪಾರಿಭಾಷಿಕ ಪದಕ್ಕೆ ಸಮಾನಪದ ಕೊಡುವುದು ಸುಲಭ. ಮಕ್ಕಳೂ ಬಲ್ಲ ಕ್ರಿಯಾಪದಕ್ಕೆ ಕೊಡುವುದು ಕಷ್ಟ. ಇಂಗ್ಲಿಷಿನ 'ಥ್ರೋ' ಇಂಥ ಕ್ರಿಯಾಪದಗಳಲ್ಲಿ ಒಂದು. ಕನ್ನಡದಲ್ಲಿ ಇದಕ್ಕೆ 'ಎಸೆ, ಬಿಸಾಡು, ಒಗೆ' ಎಂದು ಮೂರು ಪದಗಳನ್ನು ಕೊಟ್ಟು ಮುಂದುವರಿಯುವುದು ರೂಢಿ. ಆದರೆ ಇಂಗ್ಲಿಷಿನವನು ಚೆಂಡನ್ನಷ್ಟೇ 'ಥ್ರೋ' ಮಾಡುವುದಿಲ್ಲ. ನೋಟವನ್ನು, ನೆರಳನ್ನು, ಬೆಳಕನ್ನು, ಔತಣವನ್ನು, ಪ್ರಶ್ನೆಯನ್ನು, ಪಂದ್ಯವನ್ನು, ಮಡಕೆಯನ್ನು, ರೇಷ್ಮೆಯ ಎಳೆಯನ್ನೂ 'ಥ್ರೋ' ಮಾಡುತ್ತಾನೆ. ಇವುಗಳಲ್ಲಿ ಒಂದನ್ನೂ ಕನ್ನಡಿಗರು ಬಿಸಾಡುವುದಿಲ್ಲ.

ಈ ಕ್ರಿಯಾಪದವನ್ನು ರಷ್ಯನ್ ಭಾಷೆ ಹೇಗೆ ಹಂಚಿಕೊಂಡಿದೆ ಎಂಬುದನ್ನು ನೋಡುವುದು ಎರಡು ಕಾರಣಗಳಿಗಾಗಿ ಉಪಯುಕ್ತ. ಒಂದು, ಇಂಗ್ಲಿಷ್-ರಷ್ಯನ್ ನಿಘಂಟುಗಳ ಪರಂಪರೆ ಬಲವಾದುದು. 1943ರಲ್ಲಿ ಮೊದಲು ಪ್ರಕಟವಾದ ಮ್ಯೂಲರ್ ಅವರ ನಿಘಂಟಿನಿಂದ 1990ರ ದಶಕದಲ್ಲಿ ಅಪ್ರೆಸ್ಯಾನ್ ಮತ್ತಿತರರ ನೇತೃತ್ವದಲ್ಲಿ ಬಂದ ಮೂರು ಸಂಪುಟಗಳ ಬೃಹತ್ ನಿಘಂಟಿನವರೆಗೆ ಅದು ಬೆಳೆದಿದೆ. ಎರಡು, ರಷ್ಯನ್ ಸಾಹಿತ್ಯ ಕನ್ನಡಕ್ಕೆ ಬಹುಪಾಲು ಬಂದದ್ದು ಇಂಗ್ಲಿಷಿನ ಮೂಲಕ. ಮೂಲ ಮತ್ತು ಕನ್ನಡದ ನಡುವೆ ನಿಂತ ಭಾಷೆ ಎಲ್ಲಿ ದಾರಿ ಮಾಡಿಕೊಡುತ್ತದೆ, ಎಲ್ಲಿ ಅಡ್ಡ ನಿಲ್ಲುತ್ತದೆ ಎಂಬುದು ಇಂಥ ಸಣ್ಣ ಕ್ರಿಯಾಪದಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ರಷ್ಯನ್ ಪದಗಳನ್ನು ಉಚ್ಚಾರಣೆಗಿಂತ ಹೆಚ್ಚಾಗಿ ಬರಹವನ್ನು ಅನುಸರಿಸಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಪದದ ಹಿಂದಣ ಅರ್ಥ

'ಥ್ರೋ' ಮೊದಲಿಗೆ ಎಸೆಯುವ ಕ್ರಿಯಾಪದವೇ ಆಗಿರಲಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ 'ತಿರುಗಿಸು, ತಿರುಚು' ಎಂಬ ಅರ್ಥವಿತ್ತು. ಜರ್ಮನ್ ಭಾಷೆಯ 'ದ್ರೇಯೆನ್' (ತಿರುಗಿಸು) ಇದರ ಜ್ಞಾತಿಪದ. ಆಗ ಎಸೆಯುವುದಕ್ಕೆ ಇದ್ದ ಪದ 'ವೆಯೊರ್ಪಾನ್'. ಕಾಲಕ್ರಮದಲ್ಲಿ ಇವೆರಡೂ ಒಂದರ ಮನೆಗೆ ಇನ್ನೊಂದು ಹೋದಂತಾಯಿತು. ತಿರುಚುವ ಪದ ಎಸೆಯತೊಡಗಿತು. ಎಸೆಯುತ್ತಿದ್ದ ಪದ 'ವಾರ್ಪ್' ಆಗಿ ಸೊಟ್ಟಗಾಗುವುದನ್ನು, ತಿರುಚಿಕೊಳ್ಳುವುದನ್ನು ಹೇಳತೊಡಗಿತು. ನಡುವೆ ಸ್ಕ್ಯಾಂಡಿನೇವಿಯದಿಂದ ಬಂದ 'ಕಾಸ್ಟ್' ಕೆಲವು ಶತಮಾನಗಳ ಕಾಲ ಮುಖ್ಯ ಸ್ಥಾನದಲ್ಲಿದ್ದು, ಈಗ ಬಲೆ, ಲಂಗರು, ಮತ, ನೆರಳು ಮೊದಲಾದ ಕೆಲವೇ ನಾಮಪದಗಳ ಜೊತೆಯಲ್ಲಿ ಉಳಿದುಕೊಂಡಿದೆ.

ಈ ಇತಿಹಾಸದ ಎರಡು ತುಣುಕುಗಳು ಇಂದಿಗೂ ಕಸುಬಿನ ಮಾತಿನಲ್ಲಿ ಜೀವಂತವಾಗಿವೆ. ಕುಂಬಾರನು ತಿಗರಿಯ ಮೇಲೆ ಮಡಕೆಗೆ ರೂಪು ಕೊಡುವುದನ್ನೂ ರೇಷ್ಮೆಯ ಎಳೆಗಳನ್ನು ಹುರಿಗೊಳಿಸುವುದನ್ನೂ ಇಂಗ್ಲಿಷಿನಲ್ಲಿ 'ಥ್ರೋ' ಎಂದೇ ಹೇಳುತ್ತಾರೆ. ರಷ್ಯನ್ ಅನುವಾದಕ ಇಲ್ಲಿ ಎಸೆಯುವ ಯಾವ ಪದವನ್ನೂ ಮುಟ್ಟುವುದಿಲ್ಲ. ಮಡಕೆಗೆ ಅವನು 'ಚಕ್ರದ ಮೇಲೆ ರೂಪಿಸು' ಎನ್ನುತ್ತಾನೆ. ರೇಷ್ಮೆಗೆ 'ಶೆಲ್ಕೊಕ್ರುಚೇನಿಯೆ', ಅಂದರೆ ರೇಷ್ಮೆಯ ತಿರುಚುವಿಕೆ, ಎಂಬ ಪದವಿದೆ. ಹೀಗೆ ಇಂಗ್ಲಿಷ್ ಮರೆತ ಮೂಲಾರ್ಥವನ್ನು ರಷ್ಯನ್ ಅನುವಾದ ಅರಿಯದೆಯೇ ಮತ್ತೆ ಹೊರಗೆ ತೆಗೆಯುತ್ತದೆ. ಕನ್ನಡದ 'ಹುರಿ'ಯೂ ಅದನ್ನೇ ಮಾಡುತ್ತದೆ. ರೇಷ್ಮೆಯ ನಾಡಾದ ಕರ್ನಾಟಕದಲ್ಲಿ ಈ ಉದ್ಯಮವನ್ನು ಕುರಿತ ಇಂಗ್ಲಿಷ್ ವರದಿಯೊಂದನ್ನು 'ಎಸೆ, ಬಿಸಾಡು, ಒಗೆ' ಎಂಬ ನಮೂದನ್ನಷ್ಟೇ ನಂಬಿ ಅನುವಾದಿಸಿದರೆ ಏನಾದೀತು ಎಂಬುದನ್ನು ಊಹಿಸಬಹುದು.

ನಾಲ್ಕು ರಷ್ಯನ್ ಕ್ರಿಯಾಪದಗಳು

ಕೈಯಿಂದ ವಸ್ತುವನ್ನು ದೂರಕ್ಕೆ ಕಳುಹಿಸುವ ಮೂಲ ಅರ್ಥದಲ್ಲಿ 'ಥ್ರೋ'ಗೆ ರಷ್ಯನ್‌ನಲ್ಲಿ ಮುಖ್ಯವಾಗಿ ನಾಲ್ಕು ಪದಗಳಿವೆ. 'ಬ್ರೊಸಾತ್' ಎಲ್ಲ ಸಂದರ್ಭಕ್ಕೂ ಹೊಂದುವ ತಟಸ್ಥ ಪದ. 'ಕಿದಾತ್' ಅದಕ್ಕಿಂತ ಆಡುಮಾತಿಗೆ ಹತ್ತಿರ. 'ಮೆತಾತ್' ಗುರಿಯಿಟ್ಟು ಬಲದಿಂದ ಎಸೆಯುವುದು. ಈಟಿ, ಚಕ್ರ, ಸಿಡಿಲು ಇದರ ಸಹಚರರು. 'ಶ್ವಿರ್ಯಾತ್' ಎಂದರೆ ಸಿಟ್ಟಿನಿಂದಲೋ ತಾತ್ಸಾರದಿಂದಲೋ ರಪ್ಪನೆ ಎಸೆಯುವುದು. ಇಂಗ್ಲಿಷಿನಲ್ಲಿಯೂ ಎಸೆತದ ರೀತಿಯನ್ನು ಹೇಳುವ 'ಹರ್ಲ್', 'ಫ್ಲಿಂಗ್', 'ಟಾಸ್' ಮುಂತಾದ ಪದಗಳಿವೆ ಎಂಬ ಆಕ್ಷೇಪ ಬರಬಹುದು. ಅದು ನಿಜ. ಆದರೆ ಅಲ್ಲಿ 'ಥ್ರೋ' ಎಂದು ಹೇಳಿ ರೀತಿಯನ್ನು ಹೇಳದೆ ಬಿಡುವ ಅವಕಾಶ ಸದಾ ಇರುತ್ತದೆ. ರಷ್ಯನ್‌ನಲ್ಲಿ 'ಬ್ರೊಸಾತ್' ಬಳಸಿ ರೀತಿಯನ್ನು ಮುಚ್ಚಿಡಬಹುದಾದರೂ ಇನ್ನೆರಡು ವಿಷಯಗಳನ್ನು ಹೇಳದೆ ತಪ್ಪಿಸಿಕೊಳ್ಳುವುದು ಕಷ್ಟ: ಎಸೆತ ಮುಗಿಯಿತೇ ಇಲ್ಲವೇ, ಮತ್ತು ಎತ್ತ ಹೋಯಿತು.

ಮೊದಲನೆಯದು ಕ್ರಿಯೆಯ ಪೂರ್ಣತೆಯ ಪ್ರಶ್ನೆ. ರಷ್ಯನ್ ಕ್ರಿಯಾಪದಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: 'ಬ್ರೊಸಾತ್-ಬ್ರೋಸಿತ್', 'ಕಿದಾತ್-ಕೀನುತ್', 'ಮೆತಾತ್-ಮೆತ್ನೂತ್', 'ಶ್ವಿರ್ಯಾತ್-ಶ್ವಿರ್ನೂತ್'. ಜೋಡಿಯ ಮೊದಲ ರೂಪ ನಡೆಯುತ್ತಿರುವ ಅಥವಾ ಮರುಕಳಿಸುವ ಎಸೆತವನ್ನೂ ಎರಡನೆಯದು ಮುಗಿದ ಎಸೆತವನ್ನೂ ಸೂಚಿಸುತ್ತದೆ. 'ನು' ಪ್ರತ್ಯಯವುಳ್ಳವು ಒಂದೇ ಬಾರಿಯ ಎಸೆತವನ್ನು ಹೇಳುತ್ತವೆ. 'ಅವನು ಕಲ್ಲೆಸೆದ' ಎಂಬ ಅರ್ಥದ ಸರಳ ಇಂಗ್ಲಿಷ್ ವಾಕ್ಯವನ್ನು ಹಿಂದುಮುಂದು ತಿಳಿಯದೆ ರಷ್ಯನ್‌ಗೆ ತರಲಾಗದು. ಎರಡನೆಯದು ದಿಕ್ಕು. ಇಂಗ್ಲಿಷ್ ದಿಕ್ಕನ್ನು ಕ್ರಿಯಾಪದದ ನಂತರ ಬರುವ ಪುಟ್ಟ ಅವ್ಯಯಗಳಿಗೆ ಬಿಟ್ಟರೆ, ರಷ್ಯನ್ ಅದನ್ನು ಉಪಸರ್ಗವಾಗಿ ಮುಂದೆ ಅಂಟಿಸುತ್ತದೆ. 'ವಿಬ್ರೊಸಿತ್' ಹೊರಗೆಸೆ, 'ಪೆರೆಬ್ರೋಸಿತ್' ಆಚೆಗೆಸೆ, 'ಪೊದ್ಬ್ರೋಸಿತ್' ಮೇಲಕ್ಕೆಸೆ, 'ಸ್ಬ್ರೋಸಿತ್' ಕೆಳಗೆಸೆ, 'ರಜ್ಬ್ರೊಸಾತ್' ಚೆಲ್ಲಾಪಿಲ್ಲಿ ಮಾಡು. ಈ ಉಪಸರ್ಗಗಳಿಂದ ಅರ್ಥವೂ ಕವಲೊಡೆಯುತ್ತದೆ. 'ಪೊದ್ಬ್ರೋಸಿತ್' ಎಂದರೆ ಯಾರನ್ನಾದರೂ ದಾರಿಯಲ್ಲಿ ಗಾಡಿಗೆ ಹತ್ತಿಸಿಕೊಂಡು ಹೋಗಿ ಬಿಡುವುದೂ ಆಗುತ್ತದೆ; 'ಸ್ಬ್ರೋಸಿತ್' ಮೈತೂಕವನ್ನೋ ವಾಹನದ ವೇಗವನ್ನೋ ಇಳಿಸುವುದೂ ಆಗುತ್ತದೆ.

ವಿಭಕ್ತಿಯ ಸೂಕ್ಷ್ಮವೂ ಇದೆ. ಕಲ್ಲನ್ನು ದ್ವಿತೀಯೆಯಲ್ಲಿಟ್ಟು 'ಬ್ರೊಸಾತ್' ಎಂದರೆ ಆ ಕಲ್ಲು ಎಲ್ಲಿಗೆ ಹೋಯಿತು ಎಂಬುದು ಮುಖ್ಯ. ಕಲ್ಲನ್ನು ಕರಣಾರ್ಥದ ವಿಭಕ್ತಿಯಲ್ಲಿಟ್ಟು ಕ್ರಿಯಾಪದಕ್ಕೆ 'ಸ್ಯಾ' ಸೇರಿಸಿ 'ಬ್ರೊಸಾತ್ಸ್ಯ' ಎಂದರೆ ಕಲ್ಲೆಸೆಯುವ ಚಟುವಟಿಕೆಯೇ ಮುಖ್ಯ. ಕಲ್ಲು ಕೇವಲ ಸಾಧನ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಕ್ರಿಯಾಪದದಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಕಾಣುತ್ತದೆ. 'ಕಲ್ಲು ಎಸೆದ' ಎಂಬುದಕ್ಕೂ ವೃತ್ತಪತ್ರಿಕೆಗಳ 'ಕಲ್ಲು ತೂರಾಟ'ಕ್ಕೂ ಇರುವ ಅಂತರ ಹೆಚ್ಚುಕಡಿಮೆ ಇದೇ. 'ಆಟ' ಸೇರಿದ ಕೂಡಲೇ ಒಂದೊಂದು ಕಲ್ಲಿನ ಗತಿ ಹಿಂದೆ ಸರಿದು, ಗುಂಪಿನ ವರ್ತನೆ ಮುಂದೆ ಬರುತ್ತದೆ; 'ಕೆಸರೆರಚಾಟ' ಎಂಬುದರಲ್ಲಿಯಂತೂ ಕೆಸರೇ ಇರುವುದಿಲ್ಲ.

ಎಸೆಯುವ ರೀತಿ ಮತ್ತು ಎಸೆಯುವ ವಸ್ತು

ಕನ್ನಡ ಈ ಅರ್ಥವಲಯವನ್ನು ಹೋಳು ಮಾಡುವ ಕ್ರಮ ಬೇರೆ. ರಷ್ಯನ್ ಮುಖ್ಯವಾಗಿ ಎಸೆಯುವ ರೀತಿ ಮತ್ತು ದಿಕ್ಕನ್ನು ಕೇಳಿದರೆ, ಕನ್ನಡ ಎಸೆಯುವ ವಸ್ತು ಎಂಥದು ಎಂದು ಕೇಳುತ್ತದೆ. ಚೆಂಡನ್ನು ಎಸೆಯುತ್ತೇವೆ, ನೀರನ್ನು ಎರಚುತ್ತೇವೆ, ಬಲೆಯನ್ನು ಬೀಸುತ್ತೇವೆ, ಕಾಳನ್ನು ಗಾಳಿಗೆ ತೂರುತ್ತೇವೆ, ಕಸವನ್ನು ಚೆಲ್ಲುತ್ತೇವೆ ಅಥವಾ ಬಿಸಾಡುತ್ತೇವೆ. ಇಂಗ್ಲಿಷಿನಲ್ಲಿ ಮುಖಕ್ಕೆ ನೀರನ್ನೂ 'ಥ್ರೋ' ಮಾಡಬಹುದು. ಕನ್ನಡದಲ್ಲಿ ನೀರನ್ನು ಎಸೆದರೆ ಅದು ಪಾತ್ರೆಯ ಸಮೇತ ಹೋದಂತೆ ಕೇಳಿಸುತ್ತದೆ. ದ್ರವದ ಮಟ್ಟಿಗೆ ಮಾತ್ರ ರಷ್ಯನ್ ಕೂಡ ಕನ್ನಡದ ಹಾದಿಯಲ್ಲಿದೆ: 'ಪ್ಲೆಸ್ನೂತ್' ಎಂಬ ಬೇರೆಯೇ ಪದ ಅಲ್ಲಿ ಬೇಕಾಗುತ್ತದೆ.

ಕನ್ನಡದ ಒಳಗೂ ಎಲ್ಲವೂ ಏಕರೂಪವಾಗಿಲ್ಲ. ಧಾರವಾಡದ ಕಡೆ 'ಚೆಂಡು ಒಗಿ' ಎಂದರೆ ಎಸೆಯಲು ಹೇಳಿದಂತೆ. ಮೈಸೂರಿನ ಕಡೆಯ ಕಿವಿಗೆ 'ಒಗೆ' ಬಟ್ಟೆಯ ಕೆಲಸ. ಬಟ್ಟೆಯನ್ನು ಕಲ್ಲಿನ ಮೇಲೆ ಎತ್ತಿ ಹಾಕುವ ಚಿತ್ರವನ್ನು ನೆನೆದರೆ ಎರಡು ಅರ್ಥಗಳೂ ಹತ್ತಿರದವೆಂದು ತೋರುತ್ತದೆ. ಹಳಗನ್ನಡದಲ್ಲಿ ಬಾಣಕ್ಕೆ 'ಎಸು' ಎಂಬ ಧಾತು ಮೀಸಲಾಗಿತ್ತು, ಅದರ ಭೂತರೂಪ 'ಎಚ್ಚಂ'. 'ಎಸೆ' ಎಂಬುದಕ್ಕೆ ಶೋಭಿಸು, ಹೊಳೆ ಎಂಬ ಅರ್ಥವಿತ್ತು. ಇಂದು 'ಇಡು' ಎಂದರೆ ಮೆಲ್ಲನೆ ಇರಿಸುವುದು. ಹಿಂದೆ ಅದಕ್ಕೆ ಎಸೆಯುವ, ಹೊಡೆಯುವ ಬಿರುಸೂ ಇತ್ತು. ಕನ್ನಡದ ಒಂದು ಕಾಲದ ಸಮಾನಪದವನ್ನು ಇನ್ನೊಂದು ಕಾಲಕ್ಕೆ ಹಾಗೆಯೇ ಒಯ್ಯಲಾಗದು.

ಕ್ರೀಡೆಯ ಪದಗಳು ಇಲ್ಲಿ ಒಂದಿಷ್ಟು ವಿನೋದವನ್ನೂ ಒದಗಿಸುತ್ತವೆ. ಈಟಿ, ಚಕ್ರ, ಹ್ಯಾಮರ್ ಸ್ಪರ್ಧೆಗಳಿಗೆ ಇಂಗ್ಲಿಷಿನಲ್ಲಿ 'ಥ್ರೋ', ರಷ್ಯನ್‌ನಲ್ಲಿ 'ಮೆತಾನಿಯೆ'. ಆದರೆ ಕಬ್ಬಿಣದ ಗುಂಡಿನ ಸ್ಪರ್ಧೆಯಲ್ಲಿ ಗುಂಡನ್ನು ಹೆಗಲಿನ ಬಳಿಯಿಂದ ತಳ್ಳಬೇಕೇ ಹೊರತು ಎಸೆಯುವಂತಿಲ್ಲ. ಆದ್ದರಿಂದ ಇಂಗ್ಲಿಷ್ 'ಪುಟ್' ಎನ್ನುತ್ತದೆ. ರಷ್ಯನ್ ಇನ್ನೂ ನಿಖರವಾಗಿ 'ತೊಲ್ಕಾನಿಯೆ', ಅಂದರೆ ತಳ್ಳುವಿಕೆ, ಎನ್ನುತ್ತದೆ. ಕನ್ನಡ ಮಾತ್ರ ಎಲ್ಲವನ್ನೂ 'ಎಸೆತ'ದಡಿ ತಂದು 'ಗುಂಡು ಎಸೆತ' ಎಂದಿತು. ಕ್ರಿಕೆಟ್ಟಿನಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲಿ ಬೌಲರನ ಚೆಂಡನ್ನು 'ಥ್ರೋ' ಎಂದರೆ ಅದು ಆರೋಪ, ಮಡಿಸಿದ ಮೊಳಕೈಯನ್ನು ನೇರಗೊಳಿಸಿ ನಿಯಮ ಮುರಿದಿದ್ದಾನೆ ಎಂದರ್ಥ. ಕನ್ನಡ ವರದಿಯಲ್ಲಿ ಪ್ರತಿ ಓವರಿನಲ್ಲೂ ಆರು ನಿರ್ದೋಷಿ 'ಎಸೆತ'ಗಳಿರುತ್ತವೆ.

ಕ್ರಿಯಾಪದವಲ್ಲ, ಜೋಡಿ

ಅಮೂರ್ತ ಪ್ರಯೋಗಗಳಿಗೆ ಬಂದಾಗ ರಷ್ಯನ್ ಅನುವಾದ ನಿಜವಾದ ಪಾಠ ಕಲಿಸುತ್ತದೆ. ನೋಟವನ್ನು ರಷ್ಯನ್ನರೂ ಎಸೆಯುತ್ತಾರೆ: 'ಬ್ರೋಸಿತ್ ವ್ಜ್ಗ್ಲ್ಯಾದ್'. ಸವಾಲನ್ನೂ ಎಸೆಯುತ್ತಾರೆ. ನೆರಳನ್ನು 'ಒತ್' ಉಪಸರ್ಗ ಸೇರಿಸಿ ಆಚೆಗೆಸೆಯುತ್ತಾರೆ. ಆದರೆ ಪ್ರಶ್ನೆ ಒಂದೇ ಆಗಿದ್ದರೆ ಅದನ್ನು 'ಕೊಡು' ಧಾತುವಿನ ಸಾಧಿತ ರೂಪದಿಂದ ಹೇಳುತ್ತಾರೆ. ಪ್ರಶ್ನೆಗಳ ಸುರಿಮಳೆಯಾದಾಗ ಮಾತ್ರ ಎಸೆಯುವ ಪದ ಮರಳಿ ಬರುತ್ತದೆ. ಔತಣವನ್ನು 'ಏರ್ಪಡಿಸು' ಎನ್ನುತ್ತಾರೆ. ಅದ್ದೂರಿಯಾಗಿದ್ದರೆ 'ಜಕತೀತ್', ಅಂದರೆ ಉರುಳಿಸು. ಇಂಗ್ಲಿಷಿನಲ್ಲಿ 'ಥ್ರೋ' ಮಾಡುವ ಸಿಟ್ಟಿನ ರಂಪಕ್ಕೂ ಅದೇ ಉರುಳಿಸುವ ಪದ. ಬೇಕೆಂದೇ ಸೋತ ಪಂದ್ಯವನ್ನು 'ಒಪ್ಪಿಸು' ಎನ್ನುತ್ತಾರೆ, ಬೀದಿಯ ಮಾತಿನಲ್ಲಿ 'ಸ್ಲೀತ್', ಬಸಿದು ಬಿಡು.

ಎಲ್ಲಕ್ಕಿಂತ ಗಮನಾರ್ಹವಾದದ್ದು ಬೆಳಕು. ಇಂಗ್ಲಿಷಿನಲ್ಲಿ ಒಂದು ವಿಷಯದ ಮೇಲೆ ಬೆಳಕನ್ನು 'ಥ್ರೋ' ಮಾಡುತ್ತಾರೆ. ರಷ್ಯನ್‌ನಲ್ಲಿ 'ಪ್ರೊಲೀತ್ ಸ್ವೆತ್': ಬೆಳಕನ್ನು ನೀರಿನಂತೆ ಸುರಿಯುತ್ತಾರೆ. ಕನ್ನಡದಲ್ಲಿ ಬೆಳಕು ಚೆಲ್ಲುತ್ತೇವೆ. ಯಾವ ಸಂಪರ್ಕವೂ ಇಲ್ಲದ ಎರಡು ಭಾಷೆಗಳು ಬೆಳಕನ್ನು ದ್ರವವೆಂದು ಕಂಡಿವೆ. ಇದು ಜ್ಞಾತಿತ್ವವನ್ನಾಗಲಿ ಪ್ರಭಾವವನ್ನಾಗಲಿ ಸಾಧಿಸುವುದಿಲ್ಲ, ಸಾಧಿಸಬೇಕಾಗಿಯೂ ಇಲ್ಲ. ಆದರೆ ಅನುವಾದಕನಿಗೆ ಇದು ಅಮೂಲ್ಯ. ಹಾಗೆಯೇ ಸವಾಲಿನ ವಿಷಯ. ಇಂಗ್ಲಿಷ್ ಮತ್ತು ರಷ್ಯನ್ ಎರಡರಲ್ಲೂ ಕೈಗವಸನ್ನು ನೆಲಕ್ಕೆಸೆದು ಕಾಳಗಕ್ಕೆ ಕರೆಯುವ ಯೂರೋಪಿನ ನೆನಪಿದೆ. ಕನ್ನಡದ ವೀರ ತೊಡೆ ತಟ್ಟುತ್ತಾನೆ. 'ಸವಾಲೆಸೆ' ಎಂಬ ಪತ್ರಿಕಾ ಪ್ರಯೋಗ ಈಗ ನೆಲೆಯೂರಿದ್ದರೂ 'ಸವಾಲು ಹಾಕು' ಎಂಬುದೇ ಹೆಚ್ಚು ಸಹಜ.

ಒಂದೇ ಚಿತ್ರವಿದ್ದೂ ಅರ್ಥ ಬೇರೆಯಾಗುವುದು ಇನ್ನೂ ಅಪಾಯಕಾರಿ. ಕಣ್ಣಿಗೆ ಧೂಳನ್ನು 'ಥ್ರೋ' ಮಾಡುವುದೆಂದರೆ ಇಂಗ್ಲಿಷಿನಲ್ಲಿ ವಂಚಿಸುವುದು. ಕನ್ನಡದ 'ಕಣ್ಣಿಗೆ ಮಣ್ಣೆರಚು' ಅದಕ್ಕೆ ಸರಿಯಾಗಿ ಹೊಂದುತ್ತದೆ. ರಷ್ಯನ್‌ನ 'ಪುಸ್ಕಾತ್ ಪಿಲ್ ವ್ ಗ್ಲಜಾ', ಕಣ್ಣಿಗೆ ಧೂಳು ಬಿಡು, ಎಂಬುದು ಮುಖ್ಯವಾಗಿ ಇಲ್ಲದ ಸಿರಿತನವನ್ನೋ ಪ್ರತಿಷ್ಠೆಯನ್ನೋ ತೋರಿಸಿಕೊಳ್ಳುವುದಕ್ಕೆ ಬಳಕೆಯಾಗುವ ನುಡಿಗಟ್ಟು. ಸಾಲ ಮಾಡಿ ಮೆರೆಯುವ ಪಾತ್ರವೊಂದು ಇಂಗ್ಲಿಷ್ ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ಮೋಸಗಾರನಾಗಿ ಬಿಡಬಹುದು.

ಯಾರೂ ಎಸೆಯದ ಎಸೆತ

ವಾಕ್ಯರಚನೆಯಲ್ಲಿಯೂ ರಷ್ಯನ್ ಮತ್ತು ಕನ್ನಡ ಇಂಗ್ಲಿಷನ್ನು ಬದಿಗಿಟ್ಟು ಕೈಕುಲುಕುವ ಎಡೆಗಳಿವೆ. ಅಲೆಯೊಂದು ದೋಣಿಯನ್ನು ದಡಕ್ಕೆ 'ಥ್ರೋ' ಮಾಡಿತು ಎಂದು ಇಂಗ್ಲಿಷ್ ಹೇಳುವಲ್ಲಿ ಅಲೆ ಕರ್ತೃ. ರಷ್ಯನ್‌ನಲ್ಲಿ 'ಲೋದ್ಕು ವಿಬ್ರೊಸಿಲೊ ವೊಲ್ನೋಯ್ ನಾ ಬೆರೆಗ್': ದೋಣಿ ದ್ವಿತೀಯೆಯಲ್ಲಿ, ಅಲೆ ಕರಣಾರ್ಥದಲ್ಲಿ, ಕ್ರಿಯಾಪದ ನಪುಂಸಕ ಏಕವಚನದಲ್ಲಿ, ಕರ್ತೃವಿನ ಜಾಗ ಖಾಲಿ. ಕನ್ನಡದ 'ಅಲೆಯ ಹೊಡೆತಕ್ಕೆ ದೋಣಿ ದಡಕ್ಕೆ ಬಂದು ಬಿತ್ತು' ಎಂಬುದರಲ್ಲಿಯೂ ಅಲೆ ಕರ್ತೃವಲ್ಲ, ಚತುರ್ಥಿಯಲ್ಲಿ ನಿಂತ ಕಾರಣ. ಹೊಟ್ಟೆಯಲ್ಲಿದ್ದುದು ಹೊರಬರುವುದನ್ನು ಹೇಳುವ ಇಂಗ್ಲಿಷಿನ 'ಥ್ರೋ ಅಪ್' ಎಂಬಲ್ಲಿ ರೋಗಿಯೇ ಕರ್ತೃ. ರಷ್ಯನ್‌ನಲ್ಲಿ ಅವನು ದ್ವಿತೀಯೆಯಲ್ಲಿರುತ್ತಾನೆ, ಕನ್ನಡದ 'ಅವನಿಗೆ ವಾಂತಿಯಾಯಿತು' ಎಂಬಲ್ಲಿ ಚತುರ್ಥಿಯಲ್ಲಿರುತ್ತಾನೆ. ಎರಡರಲ್ಲೂ ಅವನು ಮಾಡುವವನಲ್ಲ, ಅನುಭವಿಸುವವನು.

ತನ್ನನ್ನೇ ಎಸೆದುಕೊಳ್ಳುವ ಕ್ರಿಯೆಯಲ್ಲಿ ಈ ಪ್ರಶ್ನೆ ಸಾಹಿತ್ಯ ವಿಮರ್ಶೆಯನ್ನೂ ಮುಟ್ಟುತ್ತದೆ. ಆನ್ನ ಕರೆನಿನ ರೈಲಿನಡಿಗೆ 'ತನ್ನನ್ನು ಎಸೆದುಕೊಂಡಳು' ಎಂದೇ ಇಂಗ್ಲಿಷ್ ಕಥಾಸಾರಗಳು ಹೇಳುತ್ತವೆ. ರಷ್ಯನ್ನರ ಮಾತಿನಲ್ಲಿಯೂ 'ಬ್ರೊಸಾತ್' ವರ್ಗದ ಪದವೇ ರೂಢಿ. ಆದರೆ 1870ರ ದಶಕದ ಆ ಕಾದಂಬರಿಯಲ್ಲಿ ಟಾಲ್‌ಸ್ಟಾಯ್ ಅದೇ ಕ್ಷಣಕ್ಕೆ ಬಳಸಿರುವುದು 'ಬೀಳು' ಎಂಬರ್ಥದ ಕ್ರಿಯಾಪದವನ್ನು. ಎಸೆಯುವ ಅರ್ಥದ ಧಾತು, 'ಕಿದಾತ್' ವರ್ಗದ್ದು, ಅವಳ ಕೈಚೀಲಕ್ಕೆ ಮಾತ್ರ ಸಂದಿದೆ. ಚೀಲವನ್ನು ಅವಳು ಎಸೆದಳು, ತಾನು ಬಿದ್ದಳು. ಸಂಕಲ್ಪ ಎಷ್ಟು, ಕೈಮೀರಿದ್ದು ಎಷ್ಟು ಎಂಬ ಕಾದಂಬರಿಯ ದೊಡ್ಡ ಪ್ರಶ್ನೆ ಎರಡು ಕ್ರಿಯಾಪದಗಳ ಆಯ್ಕೆಯಲ್ಲಿ ಅಡಗಿದೆ. ಕನ್ನಡದ ಸಿದ್ಧ ನುಡಿಗಟ್ಟುಗಳಾದ 'ರೈಲಿಗೆ ತಲೆಕೊಟ್ಟಳು', 'ಬಾವಿಗೆ ಹಾರಿದಳು' ಎಂಬವುಗಳಲ್ಲಿ ಸಂಕಲ್ಪ ಸ್ಪಷ್ಟ. ಈ ಸಂದರ್ಭದಲ್ಲಿ ಅವು ಸಹಜವಾಗಿದ್ದೂ ತಪ್ಪು. 'ಬಿದ್ದಳು' ಎಂಬ ಸಪ್ಪೆ ಪದವೇ ಸರಿ.

'ಬ್ರೋಸಿತ್' ಮತ್ತು 'ಬಿಡು'

ಇಂಗ್ಲಿಷ್ ಅಡ್ಡ ನಿಲ್ಲುವ ಅತ್ಯಂತ ಮುಖ್ಯ ಸ್ಥಳ ಇದು. 'ಬ್ರೋಸಿತ್' ಎಂದರೆ ಎಸೆ ಎಂದಷ್ಟೇ ಅಲ್ಲ, ಬಿಡು ಎಂದೂ ಅರ್ಥ. ರಷ್ಯನ್ನನು ಕೆಲಸವನ್ನು, ಓದನ್ನು, ಹೆಂಡತಿಯನ್ನು, ಸಿಗರೇಟು ಸೇದುವುದನ್ನು 'ಬ್ರೋಸಿತ್' ಮಾಡುತ್ತಾನೆ. ಗೆಳೆಯ ಬಡಾಯಿ ಕೊಚ್ಚಿದರೆ 'ಬ್ರೋಸ್!' ಎನ್ನುತ್ತಾನೆ; ಕನ್ನಡದಲ್ಲಿ 'ಬಿಡಪ್ಪಾ!' ಎಂದ ಹಾಗೆ. ಇಂಗ್ಲಿಷಿನ 'ಥ್ರೋ'ಗೆ ಸ್ವತಂತ್ರವಾಗಿ ಈ ಅರ್ಥವಿಲ್ಲ. 'ಓವರ್', 'ಅಪ್' ಮೊದಲಾದ ಅವ್ಯಯಗಳ ನೆರವಿನಿಂದ ಸ್ವಲ್ಪ ಮಟ್ಟಿಗೆ ಬರುತ್ತದೆ. ಆದ್ದರಿಂದ ಇಂಗ್ಲಿಷ್ ಅನುವಾದಕ ಸಂದರ್ಭ ನೋಡಿ 'ಅಬ್ಯಾಂಡನ್', 'ಗಿವ್ ಅಪ್' ಮುಂತಾದವನ್ನು ಬಳಸುತ್ತಾನೆ. ಅದು ಅವನ ಭಾಷೆಗೆ ಸರಿ. ಅಲ್ಲಿಂದ ಕನ್ನಡಕ್ಕೆ ತರುವವನ ಮುಂದಿರುವ ನಿಘಂಟು 'ಅಬ್ಯಾಂಡನ್' ಎಂಬುದಕ್ಕೆ 'ತ್ಯಜಿಸು, ಪರಿತ್ಯಜಿಸು' ಎನ್ನುತ್ತದೆ. ಮೂಲದಲ್ಲಿ ಅಡುಗೆಮನೆಯಲ್ಲಿ ಕೂತು ನೆರೆಯವಳು 'ಅವನು ಅವಳನ್ನು ಬಿಟ್ಟ' ಎಂದದ್ದು ಕನ್ನಡದಲ್ಲಿ 'ಅವನು ಅವಳನ್ನು ಪರಿತ್ಯಜಿಸಿದನು' ಆಗುತ್ತದೆ. ಬೀಡಿ ಬಿಟ್ಟವನು ಧೂಮಪಾನವನ್ನು ತ್ಯಜಿಸುತ್ತಾನೆ. ಅರ್ಥ ತಪ್ಪಿಲ್ಲ; ಮಾತಿನ ಮಟ್ಟ ಏರಿದೆ, ಆಡಿದವಳು ಬದಲಾಗಿದ್ದಾಳೆ. ರಷ್ಯನ್ ಕಥೆಗಳ ಕನ್ನಡ ಅನುವಾದಗಳಲ್ಲಿ ರೈತರೂ ಗಾಡಿ ಹೊಡೆಯುವವರೂ ಒಮ್ಮೊಮ್ಮೆ ಭಾಷಣಕಾರರಂತೆ ಮಾತಾಡುವುದಕ್ಕೆ ಅನುವಾದಕರ ಅಭಿರುಚಿಯಷ್ಟೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ನಡುವಣ ಭಾಷೆ ಮತ್ತು ಕೈಯಲ್ಲಿದ್ದ ನಿಘಂಟು ಇವೆರಡರ ಪಾಲೂ ಅದರಲ್ಲಿದೆ.

ಇದೇ ರೀತಿ 'ಕೀನುತ್'. ಇಂದಿನ ಆಡುನುಡಿಯಲ್ಲಿ ಇದಕ್ಕೆ ಹಣಕಾಸಿನ ವ್ಯವಹಾರದಲ್ಲಿ ಮೋಸ ಮಾಡು ಎಂಬರ್ಥವೂ ಇದೆ. 'ಅವನನ್ನು ಎಸೆದರು' ಎಂದು ತಂದರೆ ವಾಕ್ಯ ಕೆಟ್ಟಿತು, 'ವಂಚಿಸಿದರು' ಎಂದರೆ ಚುರುಕು ಹೋಯಿತು. 'ಟೋಪಿ ಹಾಕಿದರು', 'ಕೈಕೊಟ್ಟರು' ಎಂಬುವು ಕಾದೇ ಇವೆ.

ನಿಘಂಟಿನ ನಮೂದು ಹೇಗಿರಬೇಕು

ಪದದ ಅರ್ಥದಲ್ಲಿ ಒಂದು ಪಾಲು ಅದರ ಸಹಚರ ಪದಗಳಲ್ಲಿದೆ ಎಂಬುದನ್ನು ಇಂಗ್ಲೆಂಡಿನಲ್ಲಿ ಫರ್ತ್ 1950ರ ದಶಕದಲ್ಲಿ ಪ್ರತಿಪಾದಿಸಿದರು. ಆ ವಿಚಾರವನ್ನು ನಿಘಂಟಿನ ಕೆಲಸಕ್ಕೆ ಪಟ್ಟುಹಿಡಿದು ಇಳಿಸಿದವರು ಮಾಸ್ಕೋದ ಅರ್ಥವಿಜ್ಞಾನಿಗಳು. ಮೆಲ್ಚುಕ್ ಮತ್ತು ಝೊಲ್ಕೊವ್ಸ್ಕಿ ಅವರ ರಷ್ಯನ್ ಸಂಯೋಜನಾ ನಿಘಂಟು 1984ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಅದರ ತಿರುಳು ಸರಳ: 'ನೋಟ' ಎಂಬ ನಾಮಪದದ ಕೆಳಗೇ ಅದು ಯಾವ ಕ್ರಿಯಾಪದವನ್ನು ಕೇಳುತ್ತದೆ ಎಂದು ದಾಖಲಿಸಬೇಕು. ಎಸೆಯುವ ಪದದ ಕೆಳಗೆ ಹುಡುಕಿದರೆ ಅದು ಸಿಗಲಾರದು. ಏಕೆಂದರೆ ಅಂಥ ಜೋಡಿಯಲ್ಲಿ ಕ್ರಿಯಾಪದಕ್ಕೆ ಸ್ವಂತ ಅರ್ಥ ಹೆಚ್ಚು ಉಳಿದಿರುವುದಿಲ್ಲ.

ಕನ್ನಡಕ್ಕೆ ಈ ವಿಧಾನ ಇನ್ನೂ ಹೆಚ್ಚಾಗಿ ಒಗ್ಗುತ್ತದೆ. 'ಹಾಕು, ಬೀರು, ಬೀಸು, ಚೆಲ್ಲು, ಎರಚು, ಬಿಡು' ಎಂಬ ಅರ್ಧ ಡಜನ್ ಕ್ರಿಯಾಪದಗಳು ನಾಮಪದದೊಡನೆ ಸೇರಿ ನೂರಾರು ಅರ್ಥಗಳನ್ನು ಹೊರುತ್ತಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳಲ್ಲಿ ಪ್ರಯೋಗಗಳ ಭಾಂಡಾರವೇ ಇದೆ. ಇಂಗ್ಲಿಷ್-ಕನ್ನಡ ನಿಘಂಟಿನ 'ಥ್ರೋ' ನಮೂದಿನಲ್ಲಿ ಮೊದಲು ವಸ್ತುವಿನ ಸ್ವರೂಪವನ್ನು ಅನುಸರಿಸಿ ಎಸೆ, ಎರಚು, ಬೀಸು, ತೂರು ಎಂದು ವಿಂಗಡಿಸಿ, ಆಮೇಲೆ ನೋಟ ಬೀರು, ಬೆಳಕು ಚೆಲ್ಲು, ಸವಾಲು ಹಾಕು, ಔತಣ ಕೊಡು, ರಂಪ ಮಾಡು, ಬೇಕೆಂದೇ ಸೋಲು, ಹುರಿಗೊಳಿಸು ಎಂಬ ಜೋಡಿಗಳನ್ನು ಆಯಾ ನಾಮಪದದ ಕಡೆಯಿಂದಲೂ ಸಿಗುವಂತೆ ಕೊಡಬೇಕು. ಸ್ಥಳದ ಅಭಾವ ಎಂಬ ಹಳೆಯ ನೆವ ಮುದ್ರಿತ ಸಂಪುಟಕ್ಕೆ ಸಲ್ಲುತ್ತಿತ್ತು. ಗಣಕದಲ್ಲಿ ಸಿದ್ಧವಾಗುವ ನಿಘಂಟಿಗೆ ಸಲ್ಲದು.

ರಷ್ಯನ್-ಕನ್ನಡದ ನೇರ ಕೆಲಸಕ್ಕೆ ಆಧಾರ ತೀರ ಇಲ್ಲವೆಂದೂ ಅಲ್ಲ. ಅಂದ್ರೊನೊವ್, ದಾಶ್ಕೊ ಮತ್ತು ಮಕರೆಂಕೊ ಸಿದ್ಧಪಡಿಸಿದ ಕನ್ನಡ-ರಷ್ಯನ್ ನಿಘಂಟು 1979ರಲ್ಲಿಯೇ ಮಾಸ್ಕೋದಲ್ಲಿ ಅಚ್ಚಾಗಿದೆ. ರಷ್ಯನ್ ಓದುಗರಿಗಾಗಿ ಮಾಡಿದ ಆ ಪುಸ್ತಕವನ್ನು ತಿರುವುಮುರುವಾಗಿ ಬಳಸಿ 'ಎಸೆ, ಬಿಡು, ಹಾಕು, ಚೆಲ್ಲು' ಎಂಬ ನಾಲ್ಕು ಕ್ರಿಯಾಪದಗಳಿಂದಲೇ ಒಂದು ಸಂಶೋಧನ ಪ್ರಬಂಧವನ್ನು ಆರಂಭಿಸಬಹುದು.